ಡೆಶೂಟ್ಸ್ ಕಣಿವೆಯಲ್ಲಿ ನೆರಳು ಕಾಯುತ್ತಾ

ಪೋರ್ಟ್‌ಲ್ಯಾಂಡ್ ಕಡೆಯಿಂದ ಹೊರಟು ಮೌಂಟ್ ಹುಡ್ ಘಟ್ಟ ಹತ್ತಿ ಇಳಿದರೆ ಅಮೆರಿಕದ ಒರೆಗಾನ್ ರಾಜ್ಯದ ಬಣ್ಣವೇ ಬದಲಾಗಿಬಿಡುತ್ತದೆ. ಈಚೆ ಕಡೆ ಪಾಚಿ ಹಿಡಿದ ಫರ್ ಮರಗಳು, ಜಿನುಗುವ ಮಳೆ. ಆಚೆ ಕಡೆ ಒಣಹುಲ್ಲು, ಸೇಜ್ ಪೊದೆ, ಖಾಲಿ ಆಕಾಶ. ಸಕಲೇಶಪುರದಲ್ಲಿ ಬೆಳಗಿನ ತಿಂಡಿ ತಿಂದು ಮಧ್ಯಾಹ್ನಕ್ಕೆ ಅರಸೀಕೆರೆ ದಾಟಿದ ಹಾಗೆ. ಆ ಒಣ ಸೀಮೆಯನ್ನು ಸೀಳಿಕೊಂಡು ಉತ್ತರಕ್ಕೆ ಹರಿಯುವುದು ಡೆಶೂಟ್ಸ್ ನದಿ. ಸುಮಾರು 160 ಕಿ.ಮೀ. ಉದ್ದದ ಅದರ ಕೆಳಭಾಗ ಪೂರ್ತಿ ಕಣಿವೆ. ಒಂದೂವರೆ ಕೋಟಿ ವರ್ಷಕ್ಕೂ ಹಿಂದೆ ಪದರ ಪದರವಾಗಿ ಹರಿದು ಹೆಪ್ಪುಗಟ್ಟಿದ ಲಾವಾ, ಅದರ ಮೇಲೆ ಕಂದು ಹುಲ್ಲು, ತಳದಲ್ಲಿ ಹಸಿರು ನೀರು.

ಸೆಪ್ಟೆಂಬರ್ ಕೊನೆಯ ವಾರ ನಾವು ಮೀನು ಹಿಡಿಯಲು ಹೋದದ್ದು ಸ್ಟೀಲ್‌ಹೆಡ್‌ಗಾಗಿ. ಜೊತೆಗಿದ್ದವನು ಮದ್ದೂರಿನ ಗೆಳೆಯ. ಶಿಂಷಾದಲ್ಲಿ ಎರೆಹುಳು ಸಿಕ್ಕಿಸಿ ಗಾಳ ಹಾಕಿ ಬೆಳೆದವನು. ದಾರಿಯುದ್ದಕ್ಕೂ ಅವನದು ಒಂದೇ ತಕರಾರು. "ಅಲ್ಲ ಕಣಪ್ಪ, ಹುಳ ಇಲ್ಲ, ಹಿಟ್ಟಿಲ್ಲ. ಕೋಳಿ ಪುಕ್ಕ ಸುತ್ತಿದ ಕೊಕ್ಕೆ ನೋಡಿ ಯಾವ ಮೀನು ಬಾಯಿ ಬಿಡ್ತದೆ?"

ನ್ಯಾಯವಾದ ಪ್ರಶ್ನೆಯೇ. ಸ್ಟೀಲ್‌ಹೆಡ್ ಅಂದರೆ ಬೇರೆ ಜಾತಿಯೇನಲ್ಲ, ಸಮುದ್ರಕ್ಕೆ ಹೋಗಿ ಬಂದ ರೈನ್‌ಬೋ ಟ್ರೌಟ್. ನದಿಯಲ್ಲಿ ಹುಟ್ಟಿ, ಒಂದೆರಡು ವರ್ಷ ಅಲ್ಲೇ ಬೆಳೆದು, ಪೆಸಿಫಿಕ್‌ಗೆ ಇಳಿದು, ಮೈ ತುಂಬಿಕೊಂಡು ಮರಳುತ್ತದೆ. ಇಲ್ಲಿಗೆ ಬರುವವು ಬೇಸಿಗೆಯಲ್ಲೇ ನದಿ ಹೊಕ್ಕು, ಚಳಿಗಾಲ ಕಳೆದು, ಮುಂದಿನ ವಸಂತದಲ್ಲಿ ಮೊಟ್ಟೆಯಿಡುತ್ತವೆ. ಅಷ್ಟು ತಿಂಗಳು ಹೆಚ್ಚುಕಡಿಮೆ ಉಪವಾಸ. ಆದ್ದರಿಂದ ಫ್ಲೈಗೆ, ಅಂದರೆ ಆ ಪುಕ್ಕದ ಕೊಕ್ಕೆಗೆ, ಬಾಯಿ ಹಾಕುವುದು ಹಸಿವಿಗಲ್ಲ. ಚಿಕ್ಕಂದಿನ ಚಾಳಿ ಅನ್ನುವವರಿದ್ದಾರೆ, ಸಿಟ್ಟು ಅನ್ನುವವರಿದ್ದಾರೆ. ನನ್ನ ಓಟು ಸಿಟ್ಟಿಗೆ. ತಾನು ನಿಂತ ಜಾಗದ ಎದುರಿಗೆ ಯಾವುದೋ ಪುಡಿ ಜೀವ ಅಡ್ಡಾಡಿದರೆ ಯಾರಿಗೆ ತಡೆಯುತ್ತದೆ?

ಮಾಪಿನ್ ಎಂಬ ಪುಟ್ಟ ಊರಿನಲ್ಲಿ ಪೆಟ್ರೋಲ್, ಐಸ್ ತುಂಬಿಸಿಕೊಂಡು ನದಿಯ ಪಕ್ಕದ ರಸ್ತೆ ಹಿಡಿದೆವು. ಶೆರಾರ್ಸ್ ಸೇತುವೆ ದಾಟಿದ ಮೇಲೆ ಮ್ಯಾಕ್ಸ್ ಕ್ಯಾನಿಯನ್ ತನಕ ಜಲ್ಲಿ ರಸ್ತೆ, ಹಲ್ಲು ಕಟಕಟ ಅನ್ನುವಂಥದ್ದು. ಅದು ಹಳೇ ರೈಲುದಾರಿ. 1909ರಿಂದ 1911ರವರೆಗೆ ಇಬ್ಬರು ರೈಲು ದೊರೆಗಳು, ಜೇಮ್ಸ್ ಹಿಲ್ ಮತ್ತು ಎಡ್ವರ್ಡ್ ಹ್ಯಾರಿಮನ್, ಇದೇ ಇಕ್ಕಟ್ಟು ಕಣಿವೆಯ ಎರಡು ದಂಡೆಗಳಲ್ಲಿ ಪೈಪೋಟಿಗೆ ಬಿದ್ದು ಹಳಿ ಹಾಕಿಸಿದರು. ಹ್ಯಾರಿಮನ್ ನಡುವೆಯೇ ತೀರಿಕೊಂಡ, ಪೈಪೋಟಿ ನಿಲ್ಲಲಿಲ್ಲ. ಎರಡೂ ಕಡೆಯ ಕೂಲಿಗಳು ಒಬ್ಬರ ಮೇಲೊಬ್ಬರು ಬಂಡೆ ಉರುಳಿಸಿದ, ಮದ್ದು ಸಿಡಿಸಿದ ಕಥೆಗಳನ್ನು ಇಲ್ಲಿ ಈಗಲೂ ಹೇಳುತ್ತಾರೆ. ಪಡುವಣ ದಂಡೆಯ ಹಳಿಯ ಮೇಲೆ ಇವತ್ತಿಗೂ ಗೂಡ್ಸ್ ಗಾಡಿ ಓಡುತ್ತದೆ, ಅದೂ ನಡುರಾತ್ರಿ, ಟೆಂಟಿನೊಳಗೆ ಕಣ್ಣು ಹತ್ತುವ ಹೊತ್ತಿಗೆ ಸರಿಯಾಗಿ.

ಇಲ್ಲಿ ಗಡಿಯಾರದ ಕೆಲಸ ನೆರಳಿನದು. ಮೀನಿನ ಕಣ್ಣಿಗೆ ರೆಪ್ಪೆಯಿಲ್ಲ. ನೀರಿನ ಮೇಲೆ ನೇರ ಬಿಸಿಲು ಬಿದ್ದರೆ ಸ್ಟೀಲ್‌ಹೆಡ್ ಮೇಲಕ್ಕೆ ಬರಲು ಹಿಂಜರಿಯುತ್ತದೆ. ನದಿ ಉತ್ತರಕ್ಕೆ ಹರಿಯುವುದರಿಂದ ಬೆಳಗ್ಗೆ ಬಿಸಿಲು ಮೊದಲು ಪಡುವಣ ಗೋಡೆಗೆ ಬಡಿಯುತ್ತದೆ, ಮೂಡಣ ದಂಡೆಯ ನೀರು ತಾಸುಗಟ್ಟಲೆ ತಂಪಾಗಿರುತ್ತದೆ. ಸಂಜೆ ಇದೇ ಲೆಕ್ಕ ತಿರುಗುಮುರುಗು. ಹಳಬರು ಯಾವ ತಿರುವಿಗೆ ಎಷ್ಟು ಹೊತ್ತಿಗೆ ಬಿಸಿಲು ಇಳಿಯುತ್ತದೆ ಎಂದು ಬಾಯಿಪಾಠ ಮಾಡಿಕೊಂಡಿರುತ್ತಾರೆ. ಹಾಗಾಗಿ ಒಳ್ಳೆಯ ಜಾಗ ಬೇಕೆಂದರೆ ನಾಲ್ಕೂವರೆಗೆ ಎದ್ದು, ತಲೆಗೆ ಟಾರ್ಚ್ ಕಟ್ಟಿಕೊಂಡು, ಕತ್ತಲಲ್ಲೇ ಹೋಗಿ ನಿಲ್ಲಬೇಕು. ಇನ್ನೊಬ್ಬರು ಆಗಲೇ ನಿಂತಿದ್ದರೆ ಮುಂದಿನ ತಿರುವು. ಅವರ ಕೆಳಗಡೆಯ ಹರಿವಿಗೆ ಇಳಿಯುವುದು ದೊಡ್ಡ ಅಮರ್ಯಾದೆ.

ದೋಣಿಯಲ್ಲಿ ಕೂತು ಗಾಳ ಹಾಕುವಂತಿಲ್ಲ, ಇದು ಡೆಶೂಟ್ಸ್‌ನ ಹಳೇ ಕಾನೂನು. ದೋಣಿ ಇದ್ದವರೂ ಇಳಿದು ನೀರಲ್ಲಿ ನಿಲ್ಲಬೇಕು. ಸೊಂಟದವರೆಗೆ ನೀರು, ಕಾಲಡಿಗೆ ಲೋಳೆ ಹಿಡಿದ ಕಪ್ಪು ಬಂಡೆ. ಬೂಟಿಗೆ ಮೊಳೆಯಿರಬೇಕು, ಕೈಗೊಂದು ಊರುಗೋಲಿದ್ದರೆ ನೆಮ್ಮದಿ.

ಎರಡೂ ಕೈಯಲ್ಲಿ ಹಿಡಿಯುವ ಹದಿಮೂರು ಅಡಿಯ ಸ್ಪೇ ರಾಡ್ ಅನ್ನು ಗೆಳೆಯನ ಕೈಗೆ ಕೊಟ್ಟೆ. ಹಿಂದೆ ಪೊದೆ, ಬಂಡೆ ಇರುವುದರಿಂದ ಲೈನನ್ನು ಹಿಂದಕ್ಕೆ ಬೀಸಲು ಜಾಗವಿಲ್ಲ. ನೀರಿನ ಮೇಲೆಯೇ ಲೈನನ್ನು ಒಮ್ಮೆ ಎತ್ತಿಟ್ಟು, ಪಕ್ಕಕ್ಕೆ ದೊಡ್ಡ ಕುಣಿಕೆಯ ಹಾಗೆ ತಿರುಗಿಸಿ ಮುಂದಕ್ಕೆ ಎಸೆಯಬೇಕು. ನೀರಿನ ಹಿಡಿತವೇ ರಾಡನ್ನು ಬಗ್ಗಿಸಿಕೊಡುತ್ತದೆ, ತೋಳ್ಬಲ ಹಾಕಿದಷ್ಟೂ ಕೆಡುತ್ತದೆ. ಲೈನ್ ನದಿಗೆ ಓರೆಯಾಗಿ ಬಿದ್ದ ಮೇಲೆ ಪ್ರವಾಹ ಅದನ್ನು ಎಳೆಯುತ್ತದೆ, ತುದಿಯ ಫ್ಲೈ ನೀರಿನ ಮೇಲ್ಪದರದ ಒಂದು ಬೆರಳು ಕೆಳಗೆ ಕಮಾನಿನಂತೆ ನಮ್ಮ ದಂಡೆಯತ್ತ ಸಾಗಿಬರುತ್ತದೆ. ಬಂದು ನಿಂತಿತೋ, ಎರಡು ಹೆಜ್ಜೆ ಕೆಳಕ್ಕೆ ಇಳಿ, ಮತ್ತೆ ಎಸೆ. ನಾವು ಕಟ್ಟಿದ್ದು ಗ್ರೀನ್ ಬಟ್ ಸ್ಕಂಕ್ ಎಂಬ ಹಳೇ ಫ್ಲೈ: ಕಪ್ಪು ಮೈ, ಬೆಳ್ಳಿ ಜರಿ, ಬಾಲದ ಬುಡದಲ್ಲಿ ಗಿಣಿಹಸಿರಿನ ಒಂದು ಸುತ್ತು, ಮೇಲೆ ಬಿಳಿ ರೋಮ.

ಹೇಳಿಕೊಟ್ಟ ಪಾಠದಲ್ಲಿ ಅವನಿಗೆ ಜೀರ್ಣವಾಗದ್ದು ಒಂದೇ. ಮೀನು ಕಚ್ಚಿದಾಗ ಎಳೆಯಬಾರದು. ಶಿಂಷಾದಲ್ಲಿ ಬೆಂಡು ಮುಳುಗಿದರೆ ರಪ್ಪನೆ ಎತ್ತಿದವನ ಕೈ ಸುಮ್ಮನಿರುತ್ತದೆಯೇ? ಆದರೆ ಸ್ಟೀಲ್‌ಹೆಡ್ ಫ್ಲೈ ಹಿಡಿದುಕೊಂಡು ತನ್ನ ಜಾಗಕ್ಕೆ ತಿರುಗುತ್ತದೆ, ಆ ತಿರುವಿನಲ್ಲೇ ಕೊಕ್ಕೆ ದವಡೆಯ ಮೂಲೆಗೆ ಕೂರುತ್ತದೆ. ಮೊದಲೇ ಎತ್ತಿದರೆ ಬರೀ ಕೊಕ್ಕೆ ಕೈಗೆ.

ಎದುರು ದಂಡೆಯ ತುದಿಗೆ ಬಿಸಿಲು ಇಳಿದಿತ್ತು. ಮೇಲೆ ಬಂಡೆಗಳ ನಡುವೆ ಚುಕಾರ್ ಹಕ್ಕಿಗಳು ಕಚಕಚ ಅನ್ನುತ್ತಿದ್ದವು. ಬೆಳದಿಂಗಳು ಕುಡಿಯುತ್ತದೆ ಅಂತ ನಮ್ಮ ಕವಿಗಳು ಹಾಡಿದ ಚಕೋರ ಇದೇ. ಬೇಟೆಗೆಂದು ಏಷ್ಯಾದಿಂದ ತಂದು ಬಿಟ್ಟದ್ದು ಈ ಒಣ ಕಣಿವೆಗೆ ಒಗ್ಗಿಹೋಗಿದೆ. ಗೆಳೆಯ ಅದನ್ನೇ ನೋಡುತ್ತಾ ಮೈಮರೆತಿದ್ದಾಗ ರೀಲು ಒಮ್ಮೆ ಗಿರ್ರೆಂದು ನಿಂತಿತು. ಮರುಕ್ಷಣ ನಿಲ್ಲಲೇ ಇಲ್ಲ. "ಲೋ, ಲೋ, ಏನೋ ಇದು!" ಎನ್ನುವಷ್ಟರಲ್ಲಿ ನೂರು ಅಡಿ ಕೆಳಗೆ ಮೀನು ಪೂರ್ತಿ ಗಾಳಿಗೆ ನೆಗೆದು ಅಡ್ಡಕ್ಕೆ ಬಿತ್ತು. ಎತ್ತದೆ ಸುಮ್ಮನಿದ್ದದ್ದು ಚಕೋರದ ಪುಣ್ಯ.

ಮೊಣಕಾಲಷ್ಟು ನೀರಿಗೆ ಬಂದಾಗ ಕಂಡದ್ದು: ಬೆನ್ನು ಮಾಸಿದ ಉಕ್ಕಿನ ಬಣ್ಣ, ಹೊಟ್ಟೆ ಅಚ್ಚ ಬಿಳಿ, ಕಿವಿರಿನ ಮುಚ್ಚಳದ ಮೇಲೆ ಕುಂಕುಮ ಒರೆಸಿದಂಥ ತೆಳು ಕೆಂಪು. ಆರು ಪೌಂಡಿನ ಆಸುಪಾಸು. ನಾನು ಮೊದಲು ನೋಡಿದ್ದು ಬಾಲಕ್ಕೆ ಸ್ವಲ್ಪ ಮುಂದೆ, ಬೆನ್ನ ಮೇಲಿರುವ ಹೆಬ್ಬೆರಳುಗುರಿನಷ್ಟು ಪುಟ್ಟ ರೆಕ್ಕೆಯನ್ನು. ಸಾಕಣೆ ಕೇಂದ್ರದಲ್ಲಿ ಬೆಳೆಸಿ ಬಿಟ್ಟ ಮೀನಿಗೆ ಅದನ್ನು ಕತ್ತರಿಸಿರುತ್ತಾರೆ, ಅಂಥದ್ದನ್ನು ಒಯ್ಯಬಹುದು. ಇದರ ರೆಕ್ಕೆ ಇಡಿಯಾಗಿತ್ತು. ಕಾಡು ಮೀನು, ಬಿಡಲೇಬೇಕು. ಮುಳ್ಳಿಲ್ಲದ ಕೊಕ್ಕೆ, ಇಕ್ಕಳದಲ್ಲಿ ಒಮ್ಮೆ ತಿರುಗಿಸಿದರೆ ಕಳಚಿತು. ನೀರಿನಿಂದ ಎತ್ತಲಿಲ್ಲ, ಫೋಟೋಕ್ಕೂ. ಗೆಳೆಯ ಬಾಲದ ಬುಡ ಹಿಡಿದು ಹರಿವಿಗೆ ಮುಖ ಮಾಡಿ ನಿಲ್ಲಿಸಿದ, ಅದೇ ಕಿತ್ತುಕೊಂಡು ಹೋಯಿತು.

"ಮನೇಲಿ ಹೇಳಿದ್ರೆ ನಂಬಲ್ಲ," ಅಂದ. "ಇಷ್ಟು ದೂರ ಬಂದು, ಹಿಡಿದು, ಬಿಟ್ಟೆ ಅಂದ್ರೆ ತಲೆ ನೆಟ್ಟಗಿಲ್ಲ ಅಂತಾರೆ."

ಬಿಡುವುದಕ್ಕೆ ಇಲ್ಲಿ ಇನ್ನೊಂದು ಕಾರಣವೂ ಇದೆ. ಈ ಮೀನು ಡೆಶೂಟ್ಸ್‌ನದ್ದೇ ಆಗಿರಬೇಕೆಂದಿಲ್ಲ. ಡೆಶೂಟ್ಸ್ ಹೋಗಿ ಸೇರುವುದು ಕೊಲಂಬಿಯಾ ನದಿಗೆ; ಅಣೆಕಟ್ಟುಗಳ ಹಿಂದೆ ನಿಂತ ಅದರ ನೀರು ಆಗಸ್ಟ್‌ನಲ್ಲಿ 20 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಪಕ್ಕದ ರಾಜ್ಯ ಐಡಾಹೋಗೆ ಹೊರಟ ಸ್ಟೀಲ್‌ಹೆಡ್‌ಗಳು ಆ ಕಾವು ತಾಳದೆ, ಬೊನ್ವಿಲ್ ಮತ್ತು ದಿ ಡ್ಯಾಲ್ಸ್ ಅಣೆಕಟ್ಟು ಏರಿದ ಮೇಲೆ ಸಿಗುವ ಡೆಶೂಟ್ಸ್‌ನ ತಣ್ಣನೆ ನೀರಿಗೆ ಹೊಕ್ಕು ಕೆಲವು ವಾರ ತಂಗುತ್ತವೆ. ಆಮೇಲೆ ಹೊರಬಿದ್ದು ಸ್ನೇಕ್ ನದಿ ಹಿಡಿಯುತ್ತವೆ. ದಾರಿಯಲ್ಲಿ ಇನ್ನೂ ಆರು ಅಣೆಕಟ್ಟು. ಅರ್ಧ ದಾರಿಯಲ್ಲಿ ಸುಧಾರಿಸಿಕೊಳ್ಳುತ್ತಿರುವವರನ್ನು ನಾವು ಎಬ್ಬಿಸಿ ಓಡಿಸುತ್ತಿದ್ದೇವೆ ಅನ್ನುವುದು ನನಗೆ ಪ್ರತಿಸಲವೂ ಸ್ವಲ್ಪ ಚುಚ್ಚುತ್ತದೆ. ಹಾಗಂತ ಹೋಗುವುದನ್ನು ಬಿಟ್ಟಿಲ್ಲ. 2021ರಲ್ಲಿ ಬೊನ್ವಿಲ್ ಹತ್ತಿದ ಮೀನುಗಳ ಸಂಖ್ಯೆ ಪಾತಾಳ ಕಂಡಾಗ ಸರ್ಕಾರವೇ ಇಲ್ಲಿ ಸ್ಟೀಲ್‌ಹೆಡ್ ಗಾಳ ನಿಲ್ಲಿಸಿತು. ಸರಿಯಾಗೇ ಮಾಡಿತು.

ಮರಳುವಾಗ ಶೆರಾರ್ಸ್ ಜಲಪಾತದ ಬಳಿ ಕಾರು ನಿಲ್ಲಿಸಿದೆವು. ಅಷ್ಟಗಲದ ನದಿ ಅಲ್ಲಿ ಕಪ್ಪು ಬಂಡೆಯ ಸಂದಿಗೆ ತುರುಕಿಕೊಂಡು ಧುಮುಕುತ್ತದೆ. ಬಂಡೆಗೆ ಬಿಗಿದ ಮರದ ಅಟ್ಟಣಿಗೆಗಳ ಮೇಲೆ ವಾರ್ಮ್ ಸ್ಪ್ರಿಂಗ್ಸ್ ಬುಡಕಟ್ಟಿನವರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಉದ್ದ ಕೋಲಿನ ಬಲೆಯಿಂದ ನೊರೆಯೊಳಗೆ ಸಾಲ್ಮನ್ ಗೋರುತ್ತಿದ್ದರು. ಈ ಹಕ್ಕನ್ನು ಅವರು 1855ರ ಒಪ್ಪಂದದಲ್ಲಿ ಬರೆಸಿಟ್ಟುಕೊಂಡವರು. ಕೊಲಂಬಿಯಾದ ಸೆಲಿಲೋ ಜಲಪಾತದಲ್ಲೂ ಹೀಗೇ ಹಿಡಿಯುತ್ತಿದ್ದರು. 1957ರಲ್ಲಿ ದಿ ಡ್ಯಾಲ್ಸ್ ಅಣೆಕಟ್ಟು ಅದನ್ನು ಮುಳುಗಿಸಿತು. ಒಬ್ಬರು ಬಲೆ ಎತ್ತಿದಾಗ ಒಳಗಿದ್ದ ಚಿನೂಕ್ ಸಾಲ್ಮನ್ ನಮ್ಮ ಮೀನಿನ ಮೂರರಷ್ಟಿತ್ತು. ಗೆಳೆಯ ಅಲ್ಲಿಂದ ಕದಲಲೇ ಒಲ್ಲ. ಪುಕ್ಕದ ಕೊಕ್ಕೆ ಶೋಕಿ, ಮೀನು ಹಿಡಿಯುವುದು ಅಂದರೆ ಇದು ಎಂಬುದು ಅವನ ತೀರ್ಪು. ನಾನು ವಾದಕ್ಕೆ ಹೋಗಲಿಲ್ಲ.

ಹೋಗುವವರಿಗೆ ಎರಡು ಮಾತು. ಮೀನಿನ ಲೈಸೆನ್ಸ್ ಜೊತೆಗೆ ಸ್ಟೀಲ್‌ಹೆಡ್‌ಗೆ ಬೇರೆ ಟ್ಯಾಗ್ ಬೇಕು. ಋತು ತೆರೆದಿದೆಯೇ ಅಂತ ಹೊರಡುವ ಮುನ್ನ ನೋಡಿಕೊಳ್ಳಿ. ಬಿಸಿಲಿಗೆ ಕಾದ ಬಂಡೆಯ ಮೇಲೆ ಕೈಯಿಡುವ ಮುಂಚೆ ಗಿಲಿಗಿಲಿ ಹಾವು (ರ‍್ಯಾಟಲ್ ಸ್ನೇಕ್) ಇದೆಯೇ ಅಂತಲೂ. ಶನಿವಾರ, ಭಾನುವಾರ ಮಾಪಿನ್ ಕಡೆ ರಾಫ್ಟ್‌ಗಳ ಜಾತ್ರೆ, ಆದಷ್ಟೂ ವಾರದ ನಡುವೆ ಹೋಗಿ.