ಬಹರೈನ್‌ನಲ್ಲಿ ನಮ್ಮ ಮೊಂತಿ ಹಬ್ಬ

ಭತ್ತದ ತೆನೆ ಇಲ್ಲದೆ ನಮ್ಮ ಕರಾವಳಿ ಕಥೋಲಿಕರ ಮೊಂತಿ ಹಬ್ಬ ಆಗುವುದಿಲ್ಲ. ಆದರೆ ಬಹರೈನ್‌ನಂಥ ದ್ವೀಪದಲ್ಲಿ ಭತ್ತ ಎಲ್ಲಿಂದ ತರುವುದು? ಅದಕ್ಕೇ ಆಗಸ್ಟ್ ಕೊನೆಗೆ ರಜೆ ಮುಗಿಸಿ ಮಂಗಳೂರಿಂದ ಯಾರು ವಾಪಸ್ ಬರ್ತಾರೆ ಅಂತ ನಾವು ಹೆಂಗಸರು ಮೊದಲೇ ವಿಚಾರಿಸಿ ಇಟ್ಟುಕೊಳ್ಳುತ್ತೇವೆ. ಅವರ ಬ್ಯಾಗ್‌ನಲ್ಲಿ ಬಟ್ಟೆಗಳ ನಡುವೆ ಪೇಪರ್ ಸುತ್ತಿದ ಒಂದು ಹಿಡಿ ತೆನೆ ಬರುತ್ತದೆ. ಅರ್ಧ ಕಾಳು ದಾರಿಯಲ್ಲೇ ಉದುರಿರುತ್ತದೆ. ಅದನ್ನೂ ಬಿಡುವುದಿಲ್ಲ, ಬಟ್ಟೆ ಕೊಡವಿ ಆರಿಸುತ್ತೇವೆ.

ಕರಾವಳಿಯವರಿಗೆ ಇದೆಲ್ಲ ಗೊತ್ತು, ಉಳಿದವರಿಗಾಗಿ ಹೇಳ್ತೇನೆ. ಸೆಪ್ಟೆಂಬರ್ 8 ಯೇಸುವಿನ ತಾಯಿ ಮರಿಯಮ್ಮನವರ ಹುಟ್ಟುಹಬ್ಬ, ಅದೇ ಮೊಂತಿ ಹಬ್ಬ. ಅದಕ್ಕೆ ಮೊದಲು 9 ದಿನ ನೊವೇನ ಅನ್ನುವ ಪ್ರಾರ್ಥನೆ, ಮಕ್ಕಳು ದಿನಾ ಹೂ ತಂದು ಬಾಲ ಮರಿಯಮ್ಮನಿಗೆ ಅರ್ಪಿಸುತ್ತಾರೆ. ಹಬ್ಬದ ದಿನ ಆಶೀರ್ವದಿಸಿದ ತೆನೆಯನ್ನು ಮನೆಗೆ ತಂದು, ಕಾಳು ಸುಲಿದು ಪುಡಿ ಮಾಡಿ, ಹಾಲಿಗೋ ಪಾಯಸಕ್ಕೋ ಹಾಕಿ ಮನೆಮಂದಿಯೆಲ್ಲ ಒಟ್ಟಿಗೆ ಕುಡಿಯಬೇಕು. ಆಮೇಲೆ ಬಾಳೆ ಎಲೆ ಊಟ. ಮೀನು, ಮಾಂಸ ಇಲ್ಲ, ಪಲ್ಯ ಗಸಿಗಳ ಲೆಕ್ಕ 5, 7, 9 ಹೀಗೆ ಬೆಸವಾಗಿರಬೇಕು. ಮಂಗಳೂರು ಹತ್ತಿರದ ಫರಂಗಿಪೇಟೆಯ ಮೊಂತೆ ಮರಿಯಾನೊ ಚರ್ಚಿನಲ್ಲಿ 1763ರಲ್ಲಿ ಫಾದರ್ ಜೋಕಿಂ ಮಿರಾಂಡ ಈ ಹಬ್ಬ ಶುರು ಮಾಡಿದರು ಅಂತ ಹಿರಿಯರು ಹೇಳ್ತಾರೆ. ಮನೆಯವರು ಯಾರಾದರೂ ಪರದೇಶದಲ್ಲಿದ್ದರೆ ನಾಲ್ಕು ಕಾಳು ಲಕೋಟೆಗೆ ಹಾಕಿ ಪೋಸ್ಟ್ ಮಾಡುವ ರೂಢಿಯೂ ಇದೆ.

ಇಲ್ಲಿ ನಾವೆಲ್ಲ ಆ ಲಕೋಟೆಗೆ ಕಾಯುವವರೇ. ನರ್ಸ್‌ಗಳು, ಟೀಚರ್‌ಗಳು, ಅಂಗಡಿಯಲ್ಲಿ ನಿಲ್ಲುವವರು, ಮನೆಕೆಲಸದವರು. ಗಂಡ ಮಕ್ಕಳು ಜೊತೆಗಿರುವವರೂ ಇದ್ದಾರೆ, ಮಗಳನ್ನು ಊರಲ್ಲಿ ಅಜ್ಜಿ ಹತ್ತಿರ ಬಿಟ್ಟು ಬಂದು ಫೋನಿನಲ್ಲೇ ಅವಳು ಬೆಳೆಯುವುದನ್ನು ನೋಡುವವರೂ ಇದ್ದಾರೆ. ಒಂದು ಹೆಣ್ಣುಮಗು ಹುಟ್ಟಿದ ಸಂಭ್ರಮದ ಹಬ್ಬ ಅಲ್ವಾ ಇದು, ನೊವೇನದ ಹೊತ್ತಿಗೆ ಅವರ ಮುಖ ನೋಡುವುದು ಕಷ್ಟ.

ನಾವು ಸೇರುವುದು ರಾಜಧಾನಿ ಮನಾಮಾದ ಸೇಕ್ರೆಡ್ ಹಾರ್ಟ್ ಚರ್ಚಿನಲ್ಲಿ. ಇಲ್ಲಿನ ದೊರೆ ಕೊಟ್ಟ ಜಾಗದಲ್ಲಿ 1939ರಲ್ಲಿ ಕಟ್ಟಿದ್ದು. 2022ರಲ್ಲಿ ಪೋಪ್ ಫ್ರಾನ್ಸಿಸ್ ಕೂಡ ಇಲ್ಲಿಗೆ ಬಂದಿದ್ದರು. ಈ ದೇಶದಲ್ಲಿ ರಜೆ ಶುಕ್ರವಾರ, ಹಾಗಾಗಿ ನಮ್ಮ ಭಾನುವಾರದ ಪೂಜೆಯೂ ಶುಕ್ರವಾರವೇ. ಹಬ್ಬದ ಅಡುಗೆಯನ್ನೂ ಹತ್ತಿರದ ಶುಕ್ರವಾರಕ್ಕೆ ಇಟ್ಟುಕೊಳ್ಳುತ್ತೇವೆ. ಹೂವಿಗೆ ಕಾಂಪೌಂಡ್ ಮೇಲೆ ಹಬ್ಬಿದ ಕಾಗದದ ಹೂವೇ (ಬೋಗನ್‌ವಿಲ್ಲಾ) ಗತಿ. ತರಕಾರಿಗೆ ಮಾತ್ರ ಮಲಯಾಳಿಗಳಿಗೆ ಥ್ಯಾಂಕ್ಸ್ ಹೇಳಬೇಕು, ಓಣಂ ಹೆಚ್ಚುಕಮ್ಮಿ ಇದೇ ಹೊತ್ತಿಗೆ ಬರುವುದರಿಂದ ಬಾಳೆ ಎಲೆ, ಅಲಸಂಡೆ, ತೊಂಡೆಕಾಯಿ ಎಲ್ಲ ವಿಮಾನದಲ್ಲಿ ಬಂದು ಇಳಿದಿರುತ್ತದೆ.

"ಬಾಯಿ, ಕೆಸುವಿನ ದಂಟು ಸಿಕ್ಕಿತಾ?"

"ಸಿಕ್ಕಿತು. ರೇಟ್ ಮಾತ್ರ ಕೇಳ್ಬೇಡ ಮಾರಾಯ್ತಿ."

ನೈಟ್ ಡ್ಯೂಟಿ ಮುಗಿಸಿ ಬಂದವಳು ಯೂನಿಫಾರ್ಮ್ ಕೂಡ ಬದಲಿಸದೆ ತೆಂಗಿನಕಾಯಿ ತುರಿಯಲು ಕೂರುತ್ತಾಳೆ. ಬೇಡ, ಮಲಗು ಅಂದರೆ ಕೇಳುವುದಿಲ್ಲ.

ಹಬ್ಬದ ಪೂಜೆಯಲ್ಲಿ ಮತ್ತಾಯನ ಶುಭಸಂದೇಶದ ಮೊದಲ ಅಧ್ಯಾಯ ಓದುತ್ತಾರೆ. ಯೇಸುವಿನ ವಂಶಾವಳಿ. ಉದ್ದ ಅಂತ ಗುರುಗಳು ಕೆಲವೊಮ್ಮೆ ಮೊದಲ ಭಾಗ ಬಿಟ್ಟು ಓದುತ್ತಾರೆ, ನನಗೆ ಅದೇ ಬೇಕು, ಯಾಕೆಂದರೆ ಅಷ್ಟೊಂದು ಗಂಡಸರ ಹೆಸರಿನ ಮಧ್ಯೆ ರೂತಳ ಹೆಸರು ಬರುವುದು ಅಲ್ಲೇ. ಮೋವಾಬ್ ದೇಶದವಳು, ವಿಧವೆ. ಅತ್ತೆ ನೊವೊಮಿಯ ಜೊತೆ ಬೆತ್ಲೆಹೇಮಿಗೆ ಬಂದು, ಕಂಡವರ ಹೊಲದಲ್ಲಿ ಕೊಯ್ಲಿನವರ ಹಿಂದೆ ಹಕ್ಕಲು, ಅಂದರೆ ಬಿದ್ದುಳಿದ ತೆನೆ, ಆಯ್ದವಳು. ಅವಳಿಗಾಗಿ ಬೇಕಂತಲೇ ಒಂದಿಷ್ಟು ತೆನೆ ಬಿಟ್ಟುಬಿಡಿ ಅಂತ ಹೊಲದ ಒಡೆಯ ಬೋವಜ ತನ್ನ ಆಳುಗಳಿಗೆ ಹೇಳಿದ. ಅವಳು ಹೊಟ್ಟೆತುಂಬ ತಿಂದು, ಮಿಕ್ಕಿದ್ದನ್ನು ಮನೆಯಲ್ಲಿದ್ದ ಅತ್ತೆಗೆ ತೆಗೆದುಕೊಂಡು ಹೋದಳು. ಆಮೇಲೆ ಬೋವಜನನ್ನೇ ಮದುವೆಯಾದಳು. ಅವಳಿಗೆ ಮಗ ಹುಟ್ಟಿದಾಗ ಓಬೇದ ಅಂತ ಹೆಸರಿಟ್ಟವರು ಯಾರು? ನೆರೆಹೊರೆಯ ಹೆಂಗಸರು! ತವರಿನವರು ಯಾರೂ ಆ ಕಥೆಯಲ್ಲಿ ಬರುವುದೇ ಇಲ್ಲ. ಪರದೇಶದಲ್ಲಿ ದುಡಿದು ತಿಂದ ಆ ಹೆಣ್ಣಿನ ವಂಶದಲ್ಲೇ ದೇವರು ಹುಟ್ಟಿ ಬಂದ. ಸಂಬಳದ ಮುಕ್ಕಾಲು ಪಾಲು ಊರಿಗೆ ಕಳಿಸಿ ಉಳಿದದ್ದರಲ್ಲಿ ತಿಂಗಳು ದೂಡುವವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮಲ್ಲೊಬ್ಬಳು ಮನೆಕೆಲಸದವಳು. ಎಷ್ಟೋ ಶುಕ್ರವಾರ ಅವಳಿಗೆ ರಜೆಯೇ ಸಿಗುವುದಿಲ್ಲ, ಹಬ್ಬಕ್ಕೂ ಸಿಗಲಿಲ್ಲ. ಅವಳ ಪಾಲಿನ ಪಾಯಸವನ್ನು ಊಟಕ್ಕೆ ಕೂರುವ ಮೊದಲೇ ಡಬ್ಬಿಗೆ ಹಾಕಿ ತೆಗೆದಿಟ್ಟೆವು. ಸಂಜೆ ಇಬ್ಬರು ಹೋಗಿ ಗೇಟಿನಲ್ಲೇ ಕೊಟ್ಟು ಬಂದರು. ಒಳಗೆ ಕರೆಯುವಂತಿಲ್ಲ ಅವಳಿಗೆ. ಡಬ್ಬಿ ಜೊತೆ ಒಂದು ತೆನೆಯನ್ನೂ ಕೊಟ್ಟೆವು, ಕಾಳು ಸುಲಿಯದೆ, ಹಾಗೇ.

ಈಗ ವಾರ ವಾರ ನಮ್ಮ ಜಪಸರದಲ್ಲಿ ಅವಳ ಹೆಸರು ಹೇಳುತ್ತೇವೆ. ಮರಿಯಮ್ಮಾ, ಆ ಮನೆಯ ಯಜಮಾನತಿಯ ಮನಸ್ಸು ಕರಗಿಸು ತಾಯಿ, ತಿಂಗಳಿಗೆ ಒಂದು ಶುಕ್ರವಾರವಾದರೂ ಇವಳನ್ನು ಚರ್ಚಿಗೆ ಕಳಿಸಲಿ.