ಆಂತರಿಕ ಅಂಕಗಳ ಧಾರಾಳತನದಿಂದ ಯಾರಿಗೆ ನಷ್ಟ?

ಪದವಿ ಶಿಕ್ಷಣದಲ್ಲಿ ಅಂಕಗಳು ಉಬ್ಬುತ್ತಿವೆ ಎಂಬ ಮಾತು ಬಂದಾಗಲೆಲ್ಲ ನಾವು ಅಧ್ಯಾಪಕರು ವಿಶ್ವವಿದ್ಯಾಲಯದ ಮೌಲ್ಯಮಾಪನದತ್ತ ಬೊಟ್ಟು ಮಾಡುತ್ತೇವೆ. ಆದರೆ ಆ ಉಬ್ಬರ ಎದ್ದು ಕಾಣುವುದು ಕಿರುಪರೀಕ್ಷೆ, ಅಸೈನ್‌ಮೆಂಟ್‌ಗಳಿಗೆ ನಾವೇ ಕೊಡುವ ಆಂತರಿಕ ಅಂಕಗಳಲ್ಲಿ. ರಾಷ್ಟ್ರೀಯ ಶಿಕ್ಷಣ ನೀತಿಯಡಿ 2021-22ರಿಂದ ರಾಜ್ಯದ ಪದವಿ ತರಗತಿಗಳಲ್ಲಿ ಲಿಖಿತ ಪರೀಕ್ಷೆಗೆ 60, ಆಂತರಿಕಕ್ಕೆ 40 ಅಂಕ ಎಂದಾಯಿತು. ನಾನು ನೋಡಿದ ಪಟ್ಟಿಗಳಲ್ಲಿ ಆಂತರಿಕ ಅಂಕ 36, 37, 38 ಎಂದು ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಅದೇ ವಿದ್ಯಾರ್ಥಿಗಳಲ್ಲಿ ಕೆಲವರು ಲಿಖಿತ ಪರೀಕ್ಷೆಯಲ್ಲಿ 20ರ ಆಸುಪಾಸಿನಲ್ಲಿದ್ದರೆ, ಕೆಲವರು 50 ದಾಟಿರುತ್ತಾರೆ.

ಇದನ್ನು ಉಪನ್ಯಾಸಕರ ಸೋಮಾರಿತನ ಎಂದು ತಳ್ಳಿಹಾಕುವುದನ್ನು ನಾನು ಒಪ್ಪುವುದಿಲ್ಲ. ಸರ್ಕಾರಿ ಕಾಲೇಜುಗಳಲ್ಲಿ ಪಾಠದ ದೊಡ್ಡ ಪಾಲನ್ನು ಹೊತ್ತಿರುವ ಅತಿಥಿ ಉಪನ್ಯಾಸಕರಿಗೆ ಮುಂದಿನ ವರ್ಷದ ಕೆಲಸದ ಖಾತರಿಯಿಲ್ಲ. ಕಾಲೇಜುಗಳ ಗುಣಮಟ್ಟವನ್ನು ಅಳೆಯುವ ರಾಷ್ಟ್ರೀಯ ಸಂಸ್ಥೆಯಾದ ನ್ಯಾಕ್‌ನ ಮೌಲ್ಯಾಂಕನದಲ್ಲಿ ತೇರ್ಗಡೆಯ ಪ್ರಮಾಣವೂ ಲೆಕ್ಕಕ್ಕೆ ಬರುವುದರಿಂದ ಕಾಲೇಜಿಗೂ ಧಾರಾಳತನವೇ ಅನುಕೂಲ.

ಒಮ್ಮೆ ಸ್ವಸಹಾಯ ಸಂಘಗಳ ಸಾಲದ ಕುರಿತು ಕೊಟ್ಟ ಅಸೈನ್‌ಮೆಂಟಿಗೆ ಒಬ್ಬ ವಿದ್ಯಾರ್ಥಿನಿ ತನ್ನೂರಿನ ಸಂಘದ ಲೆಕ್ಕದ ಪುಸ್ತಕವನ್ನೇ ಕೇಳಿ ಪಡೆದು, ಯಾವ ತಿಂಗಳು ಯಾರ ಕಂತು ತಪ್ಪಿತು, ಏಕೆ ತಪ್ಪಿತು ಎಂಬುದನ್ನು ಪೆನ್ಸಿಲಿನಲ್ಲಿ ಗೆರೆ ಹಾಕಿದ ಕೋಷ್ಟಕದಲ್ಲಿ ಬರೆದು ತಂದಿದ್ದಳು. ಅದೇ ಕಟ್ಟಿನಲ್ಲಿ, ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿದ ಒಂದೇ ಪಿಡಿಎಫ್‌ನಿಂದ ಕಾಗುಣಿತದ ತಪ್ಪುಗಳ ಸಮೇತ ನಕಲು ಮಾಡಿದ ಪ್ರತಿಗಳೂ ಇದ್ದವು. ಎಲ್ಲರಿಗೂ ಹತ್ತಕ್ಕೆ ಒಂಬತ್ತು ಕೊಡುವುದೆಂದರೆ ಅವಳ ಬರಹವನ್ನು ಓದಲೇ ಇಲ್ಲ ಎಂದಂತೆ. ಹೇಳಿಸಲು ದೊಡ್ಡವರ ಪರಿಚಯವಿಲ್ಲದ ಮನೆಯ ಮಕ್ಕಳಿಗೆ ಅಂಕಪಟ್ಟಿಯೊಂದೇ ಆಧಾರ. ಅದು ಎಲ್ಲರದ್ದೂ ಒಂದೇ ಆದಾಗ ಮೊದಲು ಸೋಲುವವರು ಅವರೇ.

ಹಾಗೆಂದು ಮೇಲಿನ ಶ್ರೇಣಿಗಳಿಗೆ ಮಿತಿ ಹಾಕುವುದು ಪರಿಹಾರವಲ್ಲ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ 2004ರಲ್ಲಿ ‘ಎ’ ಶ್ರೇಣಿಗಳನ್ನು ಶೇ 35ಕ್ಕೆ ಸೀಮಿತಗೊಳಿಸುವ ಗುರಿ ಇಟ್ಟುಕೊಂಡು, 2014ರಲ್ಲಿ ಅದನ್ನು ಕೈಬಿಟ್ಟಿತು. ಗೆಳತಿಗೆ ನೋಟ್ಸ್ ಕೊಟ್ಟರೆ ತನ್ನ ಶ್ರೇಣಿಗೇ ಕುತ್ತು ಎಂದು ವಿದ್ಯಾರ್ಥಿಗಳು ಅಂಜುವಂಥ ವ್ಯವಸ್ಥೆ ನಮಗೆ ಬೇಡ.

2024-25ರಿಂದ ರಾಜ್ಯ ಶಿಕ್ಷಣ ನೀತಿಯ ಪಠ್ಯಕ್ರಮದಲ್ಲಿ ಆಂತರಿಕ ಅಂಕ 20ಕ್ಕೆ ಇಳಿದಿದೆ. ಇದರಿಂದ ಹಾನಿ ಕಡಿಮೆಯಾದದ್ದು ನಿಜ, ಆದರೆ ಆ ಕೋಷ್ಟಕದಂಥ ಕೆಲಸಕ್ಕಿದ್ದ ಜಾಗವೂ ಅರ್ಧಕ್ಕರ್ಧ ಹೋಯಿತು. ಅಂಕ ಯಾವುದಕ್ಕೆ ಎಷ್ಟು ಎಂದು ಮೊದಲೇ ತಿಳಿಸಿ, ಕಿರುಪರೀಕ್ಷೆಯ ಉತ್ತರ ಪುಸ್ತಿಕೆಯಾದ ಬ್ಲೂ ಬುಕ್ಕನ್ನು ಷರಾ ಸಮೇತ ವಿದ್ಯಾರ್ಥಿಗಳ ಕೈಗೆ ಕೊಟ್ಟು, ಪ್ರತಿ ವಿಷಯದ ಕೆಲವು ಪ್ರತಿಗಳನ್ನಾದರೂ ಪಕ್ಕದ ತಾಲ್ಲೂಕಿನ ಕಾಲೇಜಿನ ಅಧ್ಯಾಪಕರಿಂದ ಇನ್ನೊಮ್ಮೆ ಮೌಲ್ಯಮಾಪನ ಮಾಡಿಸಬಹುದು. ಜೊತೆಗೆ ಅತಿಥಿ ಉಪನ್ಯಾಸಕರಿಗೆ ಸೇವಾ ಭದ್ರತೆ ಕೊಡಲೇಬೇಕು; ಹತ್ತಕ್ಕೆ ನಾಲ್ಕು ಕೊಟ್ಟರೆ ಮುಂದಿನ ವರ್ಷ ತನಗೆ ಕರೆ ಬರುತ್ತದೋ ಇಲ್ಲವೋ ಎಂಬ ಆತಂಕದಲ್ಲಿರುವವರಿಂದ ನಿಷ್ಠುರ ಮೌಲ್ಯಮಾಪನವನ್ನು ನಿರೀಕ್ಷಿಸುವ ಹಕ್ಕು ಸರ್ಕಾರಕ್ಕಿಲ್ಲ.