ಬಾಸೆಲ್‌ನಲ್ಲಿ ಎರಡು ದಿನ ಸಿಕ್ಕರೆ ಏನು ನೋಡಬೇಕು?

ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಎರಡು ವರ್ಷ ಓದಿ ಮಂಗಳೂರಿಗೆ ಮರಳಿದ ಮೇಲೆ ನನಗೆ ಪದೇ ಪದೇ ಎದುರಾಗುವ ಪ್ರಶ್ನೆ ಇದು. ಅಲ್ಲಿ ಓದುತ್ತಿರುವ ಮಕ್ಕಳನ್ನು ನೋಡಲು ಹೊರಟವರು ಕೇಳುತ್ತಾರೆ, ಗೆಳೆಯರ ಮನೆಗೆಂದು ಹೊರಟವರೂ ಕೇಳುತ್ತಾರೆ. ಎಲ್ಲರ ಮನಸ್ಸಿನಲ್ಲೂ ಹಿಮದ ಬೆಟ್ಟ ಇರುತ್ತದೆ. ಇರುವುದು ಎರಡೇ ದಿನವಾದರೆ ಬೆಟ್ಟದ ಆಸೆ ಬಿಡಿ ಎಂದೇ ನಾನು ಹೇಳುವುದು. ಒಂದು ದಿನವೆಲ್ಲ ಹೋಗಿಬರುವುದರಲ್ಲೇ ಮುಗಿಯುತ್ತದೆ. ಮಂಗಳೂರಿನವರು ಬಾಸೆಲ್‌ನಲ್ಲಿ ನೋಡಬೇಕಾದದ್ದು ಬೇರೆಯೇ ಇದೆ.

ಇದು ನನಗೆ ಮನದಟ್ಟಾದದ್ದು ಮಂಗಳೂರಿನ ಬೋಳಾರದ ನನ್ನ ಗೆಳತಿ ಬಂದಾಗ. ಉಪ್ಪಿನಕಾಯಿ, ಹಪ್ಪಳ, ಎರಡು ಕಿಲೋ ಕುಚ್ಚಲಕ್ಕಿ ಹೊತ್ತು ಬಂದವಳು ಚೀಲ ಇಳಿಸುತ್ತಲೇ ಕೇಳಿದಳು: "ನಮ್ಮ ಮನೆಯ ಹಂಚಿನ ಮೇಲೆ ಬರೆದ ಬಾಸೆಲ್ ಇದೇ ಅಲ್ಲವಾ ಮಾರಾಯ್ತಿ?"

ಅದೇ ಬಾಸೆಲ್. ಮಳೆಗಾಲಕ್ಕೆ ಮುಂಚೆ ಮಾಡಿನ ಹಂಚು ಕೈಯಾಡಿಸುವುದನ್ನು ನೋಡಿದವರಿಗೆ ಆ ಉಬ್ಬಕ್ಷರಗಳ ಪರಿಚಯ ಇರುತ್ತದೆ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಧರ್ಮಪ್ರಚಾರಕರ ಸಂಸ್ಥೆ ಈ ಊರಿನಲ್ಲಿ ಹುಟ್ಟಿದ್ದು 1815ರಲ್ಲಿ, ಅದರ ಜನ ಮಂಗಳೂರಿಗೆ ಬಂದದ್ದು 1834ರಲ್ಲಿ. 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದ ಮೊಗ್ಲಿಂಗ್, 1894ರಲ್ಲಿ ನಿಘಂಟು ಕೊಟ್ಟ ಕಿಟ್ಟೆಲ್, ಇಬ್ಬರನ್ನೂ ಕಳುಹಿಸಿದ್ದು ಇದೇ ಸಂಸ್ಥೆ. ನೇತ್ರಾವತಿಯ ದಡದಲ್ಲಿ ಅವರ ಹಂಚಿನ ಕಾರ್ಖಾನೆ ಶುರುವಾದದ್ದು 1865ರಲ್ಲಿ. ನಾನು ಕನ್ನಡ ಓದಲು ಕಲಿತ ಊರಿಗೂ ಈ ಊರಿಗೂ ಇಷ್ಟು ನಂಟು ಇರುವಾಗ, ಅದನ್ನು ಬಿಟ್ಟು ಅಂಗಡಿಬೀದಿ ಸುತ್ತುವುದು ನನಗೆ ಒಪ್ಪಿಗೆಯಾಗುವುದಿಲ್ಲ.

ಮಿಷನ್‌ಸ್ಟ್ರಾಸೆ 21ರಲ್ಲಿ ಮಿಷನ್ನಿನ ಹಳೆಯ ಕಟ್ಟಡವಿದೆ. ದಾಖಲೆಗಳೆಲ್ಲ ಅಲ್ಲೇ ಇವೆ. ನಾನು ಮೊದಲೇ ಇಮೇಲ್ ಬರೆದು ದಿನ ಗೊತ್ತುಮಾಡಿಕೊಂಡಿದ್ದೆ. ನೀವೂ ಹಾಗೆಯೇ ಮಾಡಿ. ಹಳೆಯ ಫೋಟೋಗಳನ್ನು ನೋಡುತ್ತಾ ಹೋದಂತೆ ಕಾರ್ಖಾನೆಯ ಅಂಗಳದ್ದೊಂದು ಸಿಕ್ಕಿತು. ಸಾಲಾಗಿ ಪೇರಿಸಿದ ಹಂಚು, ಪಕ್ಕದಲ್ಲಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತ ಹೆಂಗಸರು. ಅವರಲ್ಲಿ ಒಬ್ಬಳ ತಲೆಯ ಮೇಲೆ ಬಟ್ಟೆಯ ಸಿಂಬೆ ಮಾತ್ರ ಇತ್ತು, ಹೊರೆ ಇರಲಿಲ್ಲ. ಗೆಳತಿಯ ಬೆರಳು ಆ ಸಿಂಬೆಯ ಮೇಲೆ, ಮುಟ್ಟದೆ, ಗಾಳಿಯಲ್ಲೇ ನಿಂತಿತು. ಅವಳ ಅಜ್ಜಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚು ಹೊರುತ್ತಿದ್ದವರು. ಈ ಚಿತ್ರ ಅಜ್ಜಿಯ ಕಾಲಕ್ಕಿಂತ ಎಷ್ಟೋ ಹಿಂದಿನದು. "ನಮ್ಮ ಅಜ್ಜಿಯೂ ಸಿಂಬೆಯನ್ನು ಹೀಗೆಯೇ ಸುತ್ತುತ್ತಿದ್ದರು" ಎಂದಳು. ಆಮೇಲೆ ಬಹಳ ಹೊತ್ತು ಮಾತನಾಡಲಿಲ್ಲ.

ಉಳಿದದ್ದನ್ನು ಬೇಗ ಹೇಳುತ್ತೇನೆ. 8ನೇ ನಂಬರಿನ ಟ್ರಾಮ್ ಗಡಿ ದಾಟಿ ಜರ್ಮನಿಗೆ, 3ನೇ ನಂಬರಿನದು ಫ್ರಾನ್ಸಿಗೆ ಹೋಗುತ್ತದೆ, ಪಾಸ್‌ಪೋರ್ಟ್ ಜೊತೆಗಿರಲಿ. ಬೀದಿಬದಿಯ ಕಾರಂಜಿಗಳ ನೀರು ಕುಡಿಯಲು ಯೋಗ್ಯ, ಬಾಟಲಿ ಕೊಳ್ಳಬೇಡಿ. ಹೋಟೆಲ್ ಊಟ ವಿದ್ಯಾರ್ಥಿಯ ಕೈಗೆ ಎಟುಕುವುದಿಲ್ಲ. ನಾವು ಎರಡು ರಾತ್ರಿಯೂ ಕೋಣೆಯಲ್ಲೇ ಗಂಜಿ ಬೇಯಿಸಿದೆವು. ನನಗೆ ಅಲ್ಲಿ ಅದಕ್ಕಿಂತ ರುಚಿಯಾದ ಊಟ ಸಿಕ್ಕಿಲ್ಲ.

ಆದರೆ ದೋಣಿಯನ್ನು ಮಾತ್ರ ತಪ್ಪಿಸಬೇಡಿ. ರೈನ್ ನದಿಗೆ ಅಡ್ಡಲಾಗಿ ಎತ್ತರದಲ್ಲಿ ಒಂದು ಉಕ್ಕಿನ ಹಗ್ಗ, ಅದಕ್ಕೆ ಕಟ್ಟಿದ ಮರದ ದೋಣಿ. ನಮ್ಮ ಮಂಗಳೂರಿನ ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ದಾಟಿಸುವ ದೋಣಿಗೆ ಇರುವ ಹಾಗೆ ಇದಕ್ಕೆ ಎಂಜಿನ್ ಇಲ್ಲ, ಹುಟ್ಟೂ ಇಲ್ಲ. ಅಂಬಿಗ ದೋಣಿಯನ್ನು ಹರಿವಿಗೆ ಓರೆಯಾಗಿ ತಿರುಗಿಸುತ್ತಾನೆ. ಕೆಳಗೆ ಒಯ್ಯಲು ನೋಡುವ ನೀರೇ, ಹಗ್ಗ ಬಿಡದ ಕಾರಣ, ದೋಣಿಯನ್ನು ಆಚೆ ದಡಕ್ಕೆ ತಳ್ಳುತ್ತದೆ. ಇಂತಹ ನಾಲ್ಕು ಕಡವುಗಳು ಅಲ್ಲಿವೆ. ನಾವು ಹತ್ತಿದ್ದು ಮುನ್ಸ್‌ಟರ್ ಎಂಬ ಕೆಂಪುಕಲ್ಲಿನ ಹಳೆಯ ಇಗರ್ಜಿಯ ಕೆಳಗಿನದು.

ನಡುನೀರಿನಲ್ಲಿ ಗೆಳತಿ ತಲೆಯೆತ್ತಿ ಇಗರ್ಜಿಯ ಮಾಡು ನೋಡಿದಳು. ಹಸಿರು, ಹಳದಿ, ಬಿಳಿ ಬಣ್ಣಗಳಲ್ಲಿ ಚಿತ್ತಾರವಾಗಿ ಹೊದಿಸಿದ ಹಂಚು ಬಿಸಿಲಿಗೆ ಹೊಳೆಯುತ್ತಿತ್ತು. "ಇವರದು ಚಂದ. ಆದರೆ ನಮ್ಮ ಮಳೆ ತಡೆಯುವುದಿಲ್ಲ" ಎಂದಳು. ದಡ ಸೇರಿದ ಮೇಲೂ ಇಳಿಯದೆ, ಮತ್ತೆ ದಾಟಲು ಚಿಲ್ಲರೆ ತೆಗೆದಳು.